ಸವೆದ ಹೆಬ್ಬೆಟ್ಟಿನ ಲೆಕ್ಕ ಕೊಡಿ

ನಮ್ಮ ಕೇರಿಯ ಅಜ್ಜಿ ಕಚೇರಿ ಕಿಟಕಿ ಮುಂದೆ ನಿಂತಿದ್ದಾಳೆ. ಯಂತ್ರದ ಮೇಲೆ ಹೆಬ್ಬೆಟ್ಟು ಇಡ್ತಾಳೆ. ಬರಲ್ಲ. ಸೆರಗಿಗೆ ಒರೆಸಿ ಮತ್ತೆ ಇಡ್ತಾಳೆ. ಬರಲ್ಲ. “ನಿನ್ ಬೆಟ್ಟು ತಗೋತಿಲ್ಲ ಕಣಮ್ಮ, ನಾಳೆ ಬಾ.” ಹಿಂದೆ ದೆವ್ವ ಒಳಗೆ ಬರಬಾರದು ಅಂತ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ಈಗ ಅದೇ ಮಾತನ್ನು ಮುದುಕರಿಗೆ ಹೇಳಿ ಕಳಿಸುತ್ತಿದ್ದಾರೆ.

ಆ ಬೆಟ್ಟು ಎಲ್ಲಿ ಸವೆಯಿತು ಅಂತ ನಾವು ಕೇಳುತ್ತೇವೆ. ಯಾರ ಗದ್ದೆಯ ನಾಟಿಯಲ್ಲಿ? ಯಾರ ಮನೆಯ ಕೊಟ್ಟಿಗೆಯಲ್ಲಿ? ಯಾರ ಬಂಗಲೆಗೆ ಜಲ್ಲಿ ಒಡೆದು? ಸಾಲದ ಪತ್ರಕ್ಕೆ, ಜೀತದ ಕರಾರಿಗೆ ಒತ್ತಿಸಿಕೊಂಡಾಗ ಇದೇ ಬೆಟ್ಟು ಚೆನ್ನಾಗೇ ಮೂಡುತ್ತಿತ್ತಲ್ಲ ಸ್ವಾಮಿ! ಏಕಲವ್ಯನ ಹೆಬ್ಬೆರಳನ್ನು ಒಂದೇ ಏಟಿಗೆ ತೆಗೆದುಕೊಂಡರು. ನಮ್ಮವರದನ್ನು ಅರವತ್ತು ವರ್ಷ ದುಡಿಸಿ ತೇಯ್ದರು.

ಪಿಂಚಣಿ ಕೊಡೋದು ಧರ್ಮ ಮಾಡಿದ ಹಾಗೆ ಅಂತ ತಿಳಿದವರಿದ್ದಾರೆ. ಸಂವಿಧಾನದ 41ನೇ ವಿಧಿ ತೆಗೆದು ಓದಲಿ. ಮುಪ್ಪು, ಕಾಯಿಲೆ, ಅಂಗವೈಕಲ್ಯದಲ್ಲಿ ಸಾರ್ವಜನಿಕ ನೆರವು ಪಡೆಯುವ ಹಕ್ಕು ಅಂತ ಅಲ್ಲಿದೆ. ಹಕ್ಕು ಅನ್ನೋ ಮಾತೇ ಇದೆ. ಜೊತೆಗೆ ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಅಂತಲೂ ಇದೆ. ಬಂದ ಸರ್ಕಾರಗಳೆಲ್ಲ ಹಕ್ಕನ್ನು ಮರೆತು ಮಿತಿಯನ್ನು ಮಾತ್ರ ನೆನಪಿಟ್ಟುಕೊಂಡವು.

ಆ ಮಿತಿ ಎಷ್ಟು ನೋಡಿ. 1995ರಲ್ಲಿ ಕೇಂದ್ರ ಸರ್ಕಾರ ವೃದ್ಧಾಪ್ಯ ವೇತನ ಶುರು ಮಾಡಿದಾಗ ಅದರ ಪಾಲು ತಿಂಗಳಿಗೆ 75 ರೂಪಾಯಿ. 2007ರಲ್ಲಿ ಇಂದಿರಾ ಗಾಂಧಿ ಹೆಸರಿಟ್ಟಾಗ 200. ಎಂಬತ್ತು ದಾಟಿದವರಿಗೆ 500. ಎಪ್ಪತ್ತೊಂಬತ್ತರವರೆಗೆ ಇವತ್ತಿಗೂ ಅದೇ 200. ದಿನಕ್ಕೆ ಏಳು ರೂಪಾಯಿಯೂ ಆಗಲ್ಲ. ನಮ್ಮ ರಾಜ್ಯ ತನ್ನ ಕೈಯಿಂದ ಸೇರಿಸುತ್ತದೆ, ಇಲ್ಲ ಅನ್ನಲ್ಲ. 2021ರಲ್ಲಿ ಸಂಧ್ಯಾ ಸುರಕ್ಷಾ 1,000ದಿಂದ 1,200ಕ್ಕೆ ಏರಿತು. ಅಂದರೆ ದಿನಕ್ಕೆ ನಲವತ್ತು ರೂಪಾಯಿ. ಗಂಜಿಗೋ, ಮಾತ್ರೆಗೋ? ಗುಮಾಸ್ತರ ಪಿಂಚಣಿಗೆ ತುಟ್ಟಿಭತ್ಯೆ ಇದೆ. ಅಜ್ಜಿ ಹೋಗುವ ಅಂಗಡಿಯಲ್ಲಿ ಬೆಲೆ ಏರೋದಿಲ್ಲವೋ?

ಅಂಗವಿಕಲರ ಕತೆ ಇನ್ನೂ ಹೀನ. 2016ರ ಕಾಯ್ದೆ ಶೇಕಡಾ 40ರಷ್ಟು ಅಂಗವೈಕಲ್ಯ ಇದ್ದರೆ ಸೌಲಭ್ಯಕ್ಕೆ ಅರ್ಹ ಅನ್ನುತ್ತೆ. ಕೇಂದ್ರದ ಪಿಂಚಣಿ ಶೇಕಡಾ 80 ಇರಬೇಕು ಅನ್ನುತ್ತೆ. ಒಂದು ಕಾಲು ಹೋದವನು ಎರಡನೆಯದೂ ಹೋಗಲಿ ಅಂತ ಕಾಯಬೇಕೇನು? ಅದೂ 2012ರಿಂದ 300 ರೂಪಾಯಿ. ಅದೇ ಕಾಯ್ದೆಯ 24ನೇ ಕಲಂ ಪ್ರಕಾರ ಬೇರೆಯವರಿಗೆ ಕೊಡುವ ಅಂಥದೇ ನೆರವಿಗಿಂತ ಅಂಗವಿಕಲರಿಗೆ ಕಾಲುಭಾಗವಾದರೂ ಹೆಚ್ಚು ಕೊಡಬೇಕು. 2021ರಲ್ಲಿ ಮುದುಕರಿಗೆ 1,200 ಮಾಡಿದ ಕೈಯೇ, ಶೇಕಡಾ 75ಕ್ಕಿಂತ ಕಡಿಮೆ ಅಂಗವೈಕಲ್ಯದವರಿಗೆ ಮಾಡಿದ್ದು 800. ಕಾಯ್ದೆ ಹೆಚ್ಚು ಕೊಡಿ ಅಂದರೆ ಇವರು ಕಡಿಮೆ ಕೊಟ್ಟರು. ಹೆಸರು ಮಾತ್ರ ವಿಕಲಚೇತನ ಆಯಿತು, ದಿವ್ಯಾಂಗ ಆಯಿತು. ನಮಗೆ ‘ಹರಿಜನ’ ಅಂತ ಹೆಸರಿಟ್ಟು ಕೇರಿಯಲ್ಲೇ ಬಿಟ್ಟವರ ಬುದ್ಧಿಯೇ ಇದು.

ಇನ್ನು ಕಾಗದ. ವಯಸ್ಸಿಗೆ ದಾಖಲೆ ತಾ ಅಂತಾರೆ. ಶಾಲೆಯ ಹೊಸ್ತಿಲು ತುಳಿಯಗೊಡದವರ ವಂಶದವರು ಇವತ್ತು ಶಾಲಾ ಸರ್ಟಿಫಿಕೇಟು ಕೇಳ್ತಾರೆ! ಆಧಾರಿನಲ್ಲಿ ಯಾರೋ ಹುಡುಗ ಅಂದಾಜಿಗೆ ಒಂದು ಇಸವಿ ಬರೆದಿದ್ದಾನೆ. ಮೊಮ್ಮಕ್ಕಳ ಮದುವೆ ಕಂಡವಳಿಗೆ ಆ ಚೀಟಿಯಲ್ಲಿ ಐವತ್ತೆಂಟು.

2007ರಲ್ಲೇ ಇನ್ನೊಂದು ಕಾಯ್ದೆ ಬಂತು. ಮಕ್ಕಳು ಹೆತ್ತವರನ್ನು ಸಾಕಬೇಕು, ಸಾಕದಿದ್ದರೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಡಿ, ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸಬಹುದು ಅಂತ. ಒಳ್ಳೆಯದೇ. ಆದರೆ ಬೆಂಗಳೂರಲ್ಲಿ ಗಾರೆ ಹೊರುವ ಮಗ ಎಲ್ಲಿಂದ ತರಬೇಕು? ಸರ್ಕಾರ 200 ಕೊಟ್ಟು, ಉಳಿದದ್ದನ್ನು ಕೂಲಿಯವನ ಬೆನ್ನಿಗೆ ಹೇರಿ ಕೈತೊಳೆದುಕೊಳ್ಳೋದನ್ನು ನಾವು ಒಪ್ಪುವುದಿಲ್ಲ.

ಹಾಗಂತ ನಮ್ಮ ಮನೆಯ ಕಸ ಮುಚ್ಚಿಡೋದೂ ಬೇಡ. ದರಖಾಸ್ತಿನ ಒಂದೆಕರೆ, ಜನತಾ ಮನೆ ಇದ್ದರೆ, ಅಪ್ಪನ ಹೆಬ್ಬೆಟ್ಟನ್ನು ದಾನಪತ್ರಕ್ಕೆ ಒತ್ತಿಸಿಕೊಂಡು ಆಮೇಲೆ ಜಗಲಿಗೆ ನೂಕಿದ ಮಕ್ಕಳು ನಮ್ಮಲ್ಲೂ ಇದ್ದಾರೆ. ಅದೇ ಕಾಯ್ದೆಯ 23ನೇ ಕಲಂ ಅಂಥ ಪತ್ರವನ್ನು ರದ್ದು ಮಾಡಿಸಬಲ್ಲದು. ಆದರೆ ಸಾಕಬೇಕು ಅನ್ನುವ ಷರತ್ತು ಇರಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಅಂತ 2025ರ ಜನವರಿಯಲ್ಲಿ ಅದೇ ಕೋರ್ಟ್ ಹೇಳಿತು. ಆ ಉದಾರತೆ ನಂಬಿ ಕೂರಬೇಡಿ. ‘ನಾನು ಬದುಕಿರುವ ತನಕ ನನಗೆ ಅನ್ನ, ಬಟ್ಟೆ, ಔಷಧಿ ನೋಡಿಕೊಳ್ಳತಕ್ಕದ್ದು’ ಎಂಬ ಸಾಲು ಪತ್ರದಲ್ಲೇ ಇರಲಿ. ಆ ಸಾಲು ಓದಿ ಹೇಳದ ಹೊರತು ಯಾವ ಮುದುಕರೂ ಬೆಟ್ಟು ಒತ್ತಬಾರದು. ಮಂಜೂರಾದ ಜಮೀನಿನ ಮೇಲೆ ಹೊರಗಿನವನು ಕಣ್ಣಿಟ್ಟರೆ 1978ರ ಪಿಟಿಸಿಎಲ್ ಕಾಯ್ದೆ ಇದೆ. ಸರ್ಕಾರದ ಅನುಮತಿ ಇಲ್ಲದ ಪರಭಾರೆ ಅಸಿಂಧು.

ಗೆಳೆಯರೇ, ಇದನ್ನೆಲ್ಲ ಕೇರಿಗೆ ಮುಟ್ಟಿಸುವವರು ಯಾರು? ಕಾನೂನು ಓದುವ ಹುಡುಗ ಹುಡುಗಿಯರು ರಜಕ್ಕೆ ಊರಿಗೆ ಬಂದಾಗ ಮನೆ ಮನೆ ಪಟ್ಟಿ ಮಾಡಲಿ: ಯಾರಿಗೆ ಬರುತ್ತಿದೆ, ಯಾರಿಗೆ ನಿಂತಿದೆ, ಯಾಕೆ ನಿಂತಿದೆ. ಅರ್ಜಿ ಕೊಟ್ಟರೆ ಸ್ವೀಕೃತಿ ಕೇಳಿ. ಆಗಲ್ಲ ಅಂದರೆ ಬಾಯಿಮಾತು ಬೇಡ, ಹಿಂಬರಹ ಕೇಳಿ. 2011ರ ಸಕಾಲ ಕಾಯ್ದೆಯಲ್ಲಿ ತಡವಾದ ದಿನಕ್ಕೆ 20 ರೂಪಾಯಿ ಪರಿಹಾರ ಇದೆ, 500 ಮೀರದಂತೆ. ಅದನ್ನೂ ಕೇಳಿ. ನ್ಯಾಯಮಂಡಳಿಗೆ ಹೋಗಲಾರದ ಮುದುಕರ ಪರವಾಗಿ ಅವರು ಒಪ್ಪಿದವರೋ ನೋಂದಾಯಿತ ಸಂಘವೋ ಅರ್ಜಿ ಹಾಕಬಹುದು. ನಮ್ಮ ಸಂಘಗಳು ಜಯಂತಿಗೆ ಶಾಮಿಯಾನ ಹಾಕಿದರೆ ಸಾಲದು, ಈ ಅರ್ಜಿಗಳನ್ನೂ ಹಾಕಬೇಕು.

ಮೇಷ್ಟ್ರೇ, 2006ರ ಏಪ್ರಿಲ್ ಒಂದರ ನಂತರ ಕೆಲಸಕ್ಕೆ ಸೇರಿದ ನೀವು ಹಳೆ ಪಿಂಚಣಿ ಕೇಳುತ್ತಿದ್ದೀರಿ. ಕೇಳಿ, ಅದು ನ್ಯಾಯ. ಆದರೆ ನಿಮ್ಮ ಮೆರವಣಿಗೆಯಲ್ಲಿ ನಮ್ಮ ಅಜ್ಜಿಗೂ ಒಂದು ಜಾಗ ಬಿಡಿ. ಅವಳೂ ರಿಟೈರಾದ ನೌಕರಳೇ. ಅವಳ ಸರ್ವಿಸ್ ರಿಜಿಸ್ಟರನ್ನು ಯಾರೂ ಬರೆಯಲಿಲ್ಲ ಅಷ್ಟೇ.

ಬರುವ ತಿಂಗಳು ಅಜ್ಜಿ ಒಬ್ಬಳೇ ಆ ಕಿಟಕಿಗೆ ಹೋಗಬಾರದು. ಕೇರಿಯೇ ಹೋಗಬೇಕು. ‘ನಾಳೆ ಬಾ’ ಅಂದವರಿಗೆ ಹೇಳೋಣ: ಇವತ್ತೇ ಬಂದಿದ್ದೇವೆ, ಕೊಟ್ಟ ಮೇಲೇ ಹೋಗೋದು.