ಒಪ್ಪಿಗೆ ಬೇಡ ಎನ್ನುವವರ ಜೊತೆ ಒಂದು ಸಣ್ಣ ತಕರಾರು

ವ್ಯಕ್ತಿತ್ವ ವಿಕಸನದ ಭಾಷಣ ಎಲ್ಲೇ ನಡೆಯಲಿ, ಪಿಯು ಕಾಲೇಜಿನ ಸಭಾಂಗಣವಿರಲಿ, ಕಂಪನಿಯ ತರಬೇತಿಯಿರಲಿ, ಒಂದು ಮಾತು ಬಂದೇ ಬರುತ್ತದೆ: ‘ಜನ ಏನಾದರೂ ಅಂದುಕೊಳ್ಳಲಿ, ನಿಮ್ಮನ್ನು ನೀವು ಒಪ್ಪಿಕೊಳ್ಳಿ. ಬೇರೆಯವರ ಸರ್ಟಿಫಿಕೇಟ್ ನಿಮಗೆ ಬೇಕಿಲ್ಲ.’ ಚಪ್ಪಾಳೆ ಬೀಳುತ್ತದೆ. ಭಾಷಣಕಾರರು ಚಪ್ಪಾಳೆ ನಿಲ್ಲುವವರೆಗೆ ಕಾದು ಮುಂದಿನ ಮಾತಿಗೆ ಹೋಗುತ್ತಾರೆ. ಸಂಜೆಗೆ ಅದೇ ಮಾತು ಯಾರದೋ ವಾಟ್ಸಾಪ್ ಸ್ಟೇಟಸ್ ಆಗುತ್ತದೆ. ಹಾಕಿದವರು ಅದನ್ನು ಎಷ್ಟು ಜನ ನೋಡಿದರು ಎಂದು ಗಳಿಗೆಗೊಮ್ಮೆ ತೆರೆದು ನೋಡುತ್ತಿರುತ್ತಾರೆ.

ಗೇಲಿ ಮಾಡುವ ಉದ್ದೇಶ ನನಗಿಲ್ಲ. ಆ ಮಾತು ಹೇಳುವವರಲ್ಲಿ ಬಹುತೇಕರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಕೇಳಿದ ಎಷ್ಟೋ ಹುಡುಗ ಹುಡುಗಿಯರಿಗೆ ಅದರಿಂದ ಕೆಲವು ದಿನದ ಮಟ್ಟಿಗಾದರೂ ಧೈರ್ಯ ಬರುತ್ತದೆ. ಆದರೂ ಒಂದು ತಕರಾರು ಎತ್ತಬೇಕೆನಿಸುತ್ತದೆ. ಇನ್ನೊಬ್ಬರ ಒಪ್ಪಿಗೆಯ ಹಂಗೇ ಇಲ್ಲದೆ ತನ್ನನ್ನು ತಾನು ಪೂರ್ತಿಯಾಗಿ ಒಪ್ಪಿಕೊಂಡ ಮನುಷ್ಯನನ್ನು ನಾನು ಕಂಡಿಲ್ಲ. ಅಂಥವನೊಬ್ಬ ಇದ್ದರೆ ಅವನ ಪಕ್ಕದ ಮನೆಯಲ್ಲಿ ಬಾಡಿಗೆಗಿರುವ ಧೈರ್ಯವೂ ನನಗಿಲ್ಲ. ನಾವು ಕಲಿಯಬೇಕಾದ್ದು ಯಾರ ಒಪ್ಪಿಗೆ ಬೇಕು, ಯಾವ ವಿಷಯಕ್ಕೆ ಬೇಕು ಎಂದು ವಿಂಗಡಿಸುವುದನ್ನು. ಈ ಕೆಲಸ ಕಷ್ಟದ್ದು. ‘ಯಾರದ್ದೂ ಬೇಡ’ ಎಂದುಬಿಡುವುದು ಅದಕ್ಕಿಂತ ಬಹಳ ಸುಲಭ.

ಯಾರಿಗೂ ಸೊಪ್ಪು ಹಾಕದ ಕನ್ನಡ ಲೇಖಕರ ಪಟ್ಟಿ ಮಾಡಿದರೆ ಕುವೆಂಪು ಮೊದಲ ಸಾಲಿನಲ್ಲೇ ಬರುತ್ತಾರೆ. ಯುವಕರಿಗೆ ನಿರಂಕುಶಮತಿಗಳಾಗಿ ಎಂದು ಕರೆ ಕೊಟ್ಟವರು ಅವರು. ಜಾತಿಯ ಬಗ್ಗೆ, ಪುರೋಹಿತಶಾಹಿಯ ಬಗ್ಗೆ ಬರೆಯುವಾಗ ಅವರು ಯಾರ ಮುಖವನ್ನೂ ನೋಡಲಿಲ್ಲ. ಆದರೆ ಈ ನಿರಂಕುಶಮತಿ ಕನ್ನಡದ ಕವಿಯಾದದ್ದು ಹೇಗೆ? ಮೈಸೂರಿನಲ್ಲಿ ಹೈಸ್ಕೂಲು ಓದುವಾಗ ಅವರು ಬರೆಯುತ್ತಿದ್ದುದು ಇಂಗ್ಲಿಷ್ ಕವಿತೆ. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಪುಟ್ಟ ಸಂಕಲನವೂ ಅಚ್ಚಾಗಿತ್ತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ತರುಣ ಕುವೆಂಪು ತಮ್ಮ ಇಂಗ್ಲಿಷ್ ಕವಿತೆಗಳನ್ನು ಹಿಡಿದುಕೊಂಡು ಅವರನ್ನು ಕಾಣಲು ಹೋದರು. ಬೆನ್ನು ತಟ್ಟಿಸಿಕೊಳ್ಳಲೆಂದೇ ಹೋದದ್ದು. ಕಸಿನ್ಸ್ ಅವನ್ನು ಓದಿ, ನಿಮ್ಮ ಭಾಷೆಯಲ್ಲಿ ಏನಾದರೂ ಬರೆದಿದ್ದೀರಾ ಎಂದು ಕೇಳಿದರು. ಬರೆದಿರಲಿಲ್ಲ. ಹಾಗಾದರೆ ತಾಯ್ನುಡಿಯಲ್ಲಿ ಬರೆಯಿರಿ ಎಂದರು. ಮೆಚ್ಚುಗೆ ನಿರೀಕ್ಷಿಸಿ ಹೋದವರಿಗೆ ಆ ಮಾತು ಒಡನೆ ರುಚಿಸಲಿಲ್ಲ, ನಿರಾಸೆಯೇ ಆಯಿತು. ಆದರೂ ಕನ್ನಡಕ್ಕೆ ತಿರುಗಿದರು.

ಆ ತರುಣ ಈಗಿನ ಭಾಷಣವೊಂದನ್ನು ಕೇಳಿಸಿಕೊಂಡು ಹೋಗಿದ್ದರೆ? ‘ಅವರ ಅಭಿಪ್ರಾಯ ಅವರಿಗೆ, ನಾನಿರುವುದೇ ಹೀಗೆ’ ಎಂದು ಇಂಗ್ಲಿಷಿನಲ್ಲೇ ಮುಂದುವರಿಯಬಹುದಿತ್ತು. ಮನಸ್ಸು ನೆಮ್ಮದಿಯಾಗಿರುತ್ತಿತ್ತು. ನಮಗೆ 1930ರ ‘ಕೊಳಲು’ ಇರುತ್ತಿರಲಿಲ್ಲ, ‘ಶ್ರೀರಾಮಾಯಣ ದರ್ಶನಂ’ ಇರುತ್ತಿರಲಿಲ್ಲ, 1967ರಲ್ಲಿ ಕನ್ನಡಕ್ಕೆ ಮೊದಲ ಜ್ಞಾನಪೀಠವೂ ಆ ದಾರಿಯಲ್ಲಿ ಬರುತ್ತಿರಲಿಲ್ಲ. ತನ್ನನ್ನು ತಾನು ಇದ್ದಂತೆ ಒಪ್ಪಿಕೊಳ್ಳದೆ ಹೋದದ್ದೇ ಅವತ್ತು ಅವರು ಮಾಡಿದ ದೊಡ್ಡ ಕೆಲಸ.

ಕತೆ ಅಲ್ಲಿಗೆ ಮುಗಿಯುವುದೂ ಇಲ್ಲ. ‘ಶ್ರೀರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಕುವೆಂಪು ಅರ್ಪಿಸಿದ್ದು ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ. ವೆಂಕಣ್ಣಯ್ಯನವರು ತೀರಿಕೊಂಡದ್ದು 1939ರಲ್ಲಿ. ಕಾವ್ಯ ಮುಗಿಯುವ ಹೊತ್ತಿಗೆ ಅದನ್ನು ನೋಡಿ ‘ಭೇಷ್’ ಎನ್ನಲು ಅವರಿರಲಿಲ್ಲ. ಆದರೂ ಅರ್ಪಣೆಯ ಪದ್ಯದಲ್ಲಿ ಕವಿ, ಕೊಟ್ಟ ಕೆಲಸ ಮುಗಿಸಿದ ಶಿಷ್ಯ ಮೇಷ್ಟ್ರ ಮುಂದೆ ಬಂದು ನಿಲ್ಲುವಂತೆ ನಿಲ್ಲುತ್ತಾರೆ. ಊರೆಲ್ಲ ಒಪ್ಪಲಿ ಬಿಡಲಿ, ಆ ಒಬ್ಬರಿಗೆ ಒಪ್ಪಿಸಬೇಕಿತ್ತು. ಇದನ್ನು ಮನಸ್ಸಿನ ದುರ್ಬಲತೆ ಎಂದು ಯಾರಾದರೂ ಕರೆದರೆ ಅವರ ಜೊತೆ ನನಗೆ ವಾದವಿಲ್ಲ, ಬರೀ ಆಶ್ಚರ್ಯ.

‘ಕುವೆಂಪು ಕವಿ, ಕವಿಗೆ ಓದುಗ ಬೇಕು, ಸಾಮಾನ್ಯರ ಮಾತು ಬೇರೆ’ ಎನ್ನಬಹುದು. ಸರಿ, ಲೋಕದ ಒಪ್ಪಿಗೆಯನ್ನು ಪೂರ್ತಿ ಒದ್ದು ಹೊರಟವರನ್ನೇ ನೋಡೋಣ. ಅಕ್ಕಮಹಾದೇವಿಗಿಂತ ದೊಡ್ಡ ಉದಾಹರಣೆ ನಮ್ಮಲ್ಲಿಲ್ಲ. ಅರಸ ಕೌಶಿಕನ ಅರಮನೆ ಬಿಟ್ಟಳು, ಉಟ್ಟ ಬಟ್ಟೆ ಬಿಟ್ಟಳು, ಉಡುತಡಿ ಬಿಟ್ಟಳು. ಇಷ್ಟಾದ ಮೇಲೆ ಬಂದದ್ದು ಶರಣರಿದ್ದ ಕಲ್ಯಾಣಕ್ಕೆ. ಅಲ್ಲಿ ಅಲ್ಲಮಪ್ರಭು ಕೇಳಿದ ಪ್ರಶ್ನೆಗಳು ಇವತ್ತಿನ ಯಾವ ಇಂಟರ್‌ವ್ಯೂಗಿಂತಲೂ ಕಟುವಾದವು: ನಿನ್ನ ಗಂಡ ಯಾರು? ಬಟ್ಟೆಯನ್ನೇ ಬಿಟ್ಟವಳು ಕೂದಲಲ್ಲಿ ಮೈ ಮರೆಮಾಡಿಕೊಂಡದ್ದೇಕೆ? ಶರಣರ ವಚನಗಳನ್ನು ಸಂವಾದವಾಗಿ ಹೆಣೆದ ಶೂನ್ಯಸಂಪಾದನೆಯ ಈ ಪ್ರಸಂಗ ಎಷ್ಟು ಇತಿಹಾಸ, ಎಷ್ಟು ಕಾವ್ಯ ಎಂಬ ಚರ್ಚೆ ಇದ್ದೇ ಇದೆ. ಆ ಕೃತಿ ಸಿದ್ಧವಾದದ್ದೇ 15ನೇ ಶತಮಾನದಲ್ಲಿ. ಆದರೆ ಅದನ್ನು ಕಟ್ಟಿದವರಿಗೆ ಒಂದು ವಿಷಯ ಗೊತ್ತಿತ್ತು. ಅವರು ಚಿತ್ರಿಸಿದ ಅಕ್ಕಮಹಾದೇವಿ ‘ಅದನ್ನು ಕೇಳಲು ನೀವ್ಯಾರು’ ಎನ್ನುವುದಿಲ್ಲ. ನಿಂತು ಒಂದೊಂದಕ್ಕೂ ಉತ್ತರ ಕೊಡುತ್ತಾಳೆ. ಅರಸನ ಮೆಚ್ಚುಗೆಗೆ ಬೆಲೆ ಕೊಡದವಳು ಅಲ್ಲಮನ ಪ್ರಶ್ನೆಗೆ ಬೆಲೆ ಕೊಡುತ್ತಾಳೆ. ಅರಸನಿಗೆ ಅವಳು ಬೇಕಿದ್ದಳು, ಹಾಗಾಗಿ ಅವನ ಮೆಚ್ಚುಗೆಯಲ್ಲಿ ಅವನ ಲಾಭವಿತ್ತು. ಅಲ್ಲಮನಿಗೆ ಅವಳಿಂದ ಆಗಬೇಕಾದ್ದು ಏನೂ ಇರಲಿಲ್ಲ, ಮೇಲಾಗಿ ಅವನು ಅದೇ ದಾರಿಯಲ್ಲಿ ನಡೆದವನು. ಒಬ್ಬರ ಮಾತಿಗೆ ಕಿವಿಗೊಡಬೇಕೇ ಬೇಡವೇ ಎಂದು ತೂಗಲು ಇವೆರಡಕ್ಕಿಂತ ಒಳ್ಳೆಯ ಅಳತೆ ನನಗೆ ಸಿಕ್ಕಿಲ್ಲ. ದಾರಿ ಗೊತ್ತಿದೆಯೇ? ನಾನು ಹೂಂ ಎಂದರೆ ಅವರಿಗೇನು ಲಾಭ?

ಆ ಉಪದೇಶದ ಹಿಂದಿನ ನಂಬಿಕೆಯನ್ನೂ ನೋಡೋಣ. ನಮ್ಮ ಬಗ್ಗೆ ನಮಗೆ ಒಳ್ಳೆಯ ಭಾವನೆ ಇದ್ದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎಂಬುದನ್ನು ಒಂದು ಸರ್ಕಾರವೇ ನಂಬಿ ನೋಡಿದೆ. 1986ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ, ಶಾಸಕ ಜಾನ್ ವಾಸ್ಕೊನ್ಸೆಲೊಸ್ ಹಟ ಹಿಡಿದದ್ದರಿಂದ, ಆತ್ಮಗೌರವ ಬೆಳೆಸುವುದಕ್ಕೆಂದೇ ಕಾನೂನು ಮಾಡಿ ಕಾರ್ಯಪಡೆ ರಚಿಸಿತು. ಅಪರಾಧ, ಮಾದಕ ವ್ಯಸನ, ಓದಿನಲ್ಲಿ ಹಿಂದೆ ಬೀಳುವುದು, ಎಲ್ಲಕ್ಕೂ ಇದೇ ಮದ್ದು ಎಂಬ ನಂಬಿಕೆ. 1990ರಲ್ಲಿ ವರದಿ ಬಂತು, ಶಾಲೆಗಳಲ್ಲಿ ‘ನೀನೇ ವಿಶೇಷ’ ಎಂದು ಹೇಳಿಕೊಡುವುದು ಜೋರಾಯಿತು. 2003ರಲ್ಲಿ ಮನೋವಿಜ್ಞಾನಿ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿದಾಗ ಸಿಕ್ಕಿದ್ದು ಬೇರೆಯೇ. ಆತ್ಮಗೌರವ ಹೆಚ್ಚಿದ್ದವರು ಸಂತೋಷವಾಗಿರುತ್ತಾರೆ, ಅದು ನಿಜ. ಆದರೆ ಅದನ್ನು ಏರಿಸಿದ ಮಾತ್ರಕ್ಕೆ ಓದು ಸುಧಾರಿಸುತ್ತದೆ ಎನ್ನಲು ಪುರಾವೆ ಇರಲಿಲ್ಲ. ಚೆನ್ನಾಗಿ ಓದಿದ್ದರಿಂದ ಆತ್ಮಗೌರವ ಬಂದಿರಬಹುದು ಎನ್ನಲು ಪುರಾವೆ ಇತ್ತು.

ಇಷ್ಟು ಹೇಳಿ, ಎದುರು ಪಕ್ಷಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸಬೇಕು. ನಮ್ಮ ಸಂಕೋಚದಲ್ಲಿ ದೊಡ್ಡ ಪಾಲು ದಂಡದ್ದು. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು 2000ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಮಜವಾಗಿದೆ. ಹಾಕಿಕೊಳ್ಳಲು ನಾಚಿಕೆಯಾಗುವಂಥ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಯನ್ನು ಇತರರು ಕೂತಿದ್ದ ಕೋಣೆಗೆ ಕಳಿಸಿದರು. ಸುಮಾರು ಅರ್ಧದಷ್ಟು ಜನ ಗಮನಿಸಿರುತ್ತಾರೆ ಎಂದು ತೊಟ್ಟವರ ಅಂದಾಜು. ನಿಜವಾಗಿ ಗಮನಿಸಿದವರು ಅದರ ಅರ್ಧ. ಮದುವೆಮನೆಯಲ್ಲಿ ಸೀರೆ ಹಳೆಯದಾಯಿತಲ್ಲ ಎಂದು ಒದ್ದಾಡುವವರು ಇದನ್ನು ನೆನಪಿಟ್ಟುಕೊಳ್ಳಬಹುದು. ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರ ಗಮನ ಹೋಳಿಗೆಯ ಮೇಲಿರುತ್ತದೆ.

ನಿಜವಾಗಿಯೂ ಎಲ್ಲರೂ ನೋಡುತ್ತಿರುವಾಗ? 1950ರ ದಶಕದಲ್ಲಿ ಸಾಲೊಮನ್ ಆಶ್ ಎಂಬ ಮನೋವಿಜ್ಞಾನಿ ಗೆರೆಗಳ ಪ್ರಯೋಗ ಮಾಡಿದರು. ಮೂರು ಗೆರೆಗಳಲ್ಲಿ ಯಾವುದು ಈ ಗೆರೆಯಷ್ಟು ಉದ್ದ ಎಂಬುದು ಪ್ರಶ್ನೆ. ಮಗುವೂ ಹೇಳುವಂಥದ್ದು. ಆದರೆ ಸುತ್ತ ಕೂತವರೆಲ್ಲ, ಮೊದಲೇ ಮಾತಾಡಿಕೊಂಡು, ತಪ್ಪು ಉತ್ತರ ಹೇಳುತ್ತಾರೆ. ಆಗ ಪರೀಕ್ಷೆಗೊಳಗಾದವರ ಉತ್ತರಗಳಲ್ಲಿ ಸುಮಾರು ಮೂರನೇ ಒಂದರಷ್ಟು ಗುಂಪಿನ ಕಡೆಗೆ ವಾಲಿದವು. ಇದನ್ನು ಎಲ್ಲರೂ ಹೇಳುತ್ತಾರೆ. ಪ್ರಯೋಗದ ಇನ್ನೊಂದು ಭಾಗವನ್ನು ಅಷ್ಟಾಗಿ ಹೇಳುವುದಿಲ್ಲ: ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದರೂ ಸಾಕು, ಹೀಗೆ ವಾಲುವುದು ಭಾರಿ ಪ್ರಮಾಣದಲ್ಲಿ ಇಳಿಯುತ್ತಿತ್ತು. ನಮ್ಮ ಭಾಷಣಗಳಲ್ಲಿ ಬರುವ ಏಕಾಂಗಿ ವೀರ, ಯಾರ ಮಾತೂ ಕೇಳದವನು, ಈ ಕೋಣೆಯಲ್ಲಿ ಅಲ್ಪಸಂಖ್ಯಾತ. ಒಬ್ಬ ಜೊತೆಗಾರನಿದ್ದಾಗ ಸಾಮಾನ್ಯ ಮನುಷ್ಯನೂ ಕಂಡದ್ದನ್ನು ಕಂಡ ಹಾಗೆ ಹೇಳಿದ.

ನನ್ನ ದೊಡ್ಡ ಅಸಮಾಧಾನ ಬೇರೆಡೆ ಇದೆ. ‘ಜನರ ಮಾತಿಗೆ ತಲೆಕೆಡಿಸಿಕೊಳ್ಳಬೇಡಿ’ ಎಂಬ ಉಪದೇಶ, ಜನರ ಮಾತು ಬರೀ ಮಾತು ಎಂದುಕೊಂಡಿದೆ. ಸಂಬಳ, ಸ್ವಂತ ಮನೆ, ಒಳ್ಳೆಯ ಮನೆತನದ ಹೆಸರು ಇದ್ದವರಿಗೆ ಅದು ಬರೀ ಮಾತೇ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವವರನ್ನು ಕೇಳಿ. ಗೇಟಿನ ಹತ್ತಿರ ನಿಂತ ಓನರ್ ಮೊದಲು ‘ಫ್ಯಾಮಿಲಿನಾ, ಬ್ಯಾಚುಲರ್ಸಾ’ ಎನ್ನುತ್ತಾರೆ, ಆಮೇಲೆ ‘ವೆಜ್ಜಾ’, ಆಮೇಲೆ ಸ್ವಲ್ಪ ದನಿ ತಗ್ಗಿಸಿ ‘ತಾವು ಯಾವ ಜನ?’ ಉತ್ತರ ಕೇಳಿದ ಮೇಲೆ ಮನೆ ಆಗಲೇ ಬೇರೆಯವರಿಗೆ ಮಾತಾಗಿಬಿಟ್ಟಿರುತ್ತದೆ. ಕೇಳಿಸಿಕೊಂಡು ಹಿಂತಿರುಗುವ ಹುಡುಗ ತನ್ನನ್ನು ತಾನು ಚೆನ್ನಾಗಿಯೇ ಒಪ್ಪಿಕೊಂಡಿದ್ದಾನೆ. ಒಪ್ಪದೆ ಇದ್ದದ್ದು ಓನರ್, ಬೀಗದ ಕೈ ಇರುವುದೂ ಓನರ್ ಹತ್ತಿರ.

ಹೆಣ್ಣು ನೋಡುವ ಶಾಸ್ತ್ರವೂ ಹೀಗೆಯೇ. ಕೇಸರಿಬಾತು, ಉಪ್ಪಿಟ್ಟು, ಕಾಫಿ ಮುಗಿಸಿ ಹೋದವರು ಮಧ್ಯಸ್ಥರ ಕೈಲಿ ಹೇಳಿ ಕಳಿಸುತ್ತಾರೆ: ‘ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಸ್ವಲ್ಪ ಕಮ್ಮಿ.’ ಆ ಹುಡುಗಿಗೆ ಆತ್ಮವಿಶ್ವಾಸ ಬೆಳೆಸಿಕೋ ಎಂದು ಬುದ್ಧಿ ಹೇಳುವುದು, ತಪ್ಪು ಮಾಡಿದವರನ್ನು ಬಿಟ್ಟು ಪೆಟ್ಟು ತಿಂದವಳಿಗೇ ವ್ಯಾಯಾಮ ಹೇಳಿಕೊಟ್ಟಂತೆ. 1975ರಿಂದ ಮಾರುಕಟ್ಟೆಯಲ್ಲಿದ್ದ ಮುಖದ ಕ್ರೀಮು ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ ಆಯಿತು. ಅದೇ ವರ್ಷ ಮದುವೆ ಜಾಲತಾಣ ಶಾದಿ ಡಾಟ್ ಕಾಮ್ ಮೈಬಣ್ಣದ ಫಿಲ್ಟರ್ ತೆಗೆದುಹಾಕಿತು. ಜಗತ್ತಿನಾದ್ಯಂತ ವರ್ಣಭೇದದ ವಿರುದ್ಧ ದನಿಯೆದ್ದಿದ್ದ ಹೊತ್ತು ಅದು. ಫಿಲ್ಟರ್ ವಿಷಯದಲ್ಲಿ ಉತ್ತರ ಅಮೆರಿಕದಲ್ಲಿದ್ದ ಭಾರತೀಯ ಮೂಲದ ಮಹಿಳೆಯರು ಆಕ್ಷೇಪವೆತ್ತಿ ಸಹಿ ಸಂಗ್ರಹಿಸಿದ್ದರು. ಹೆಸರು ಬದಲಿಸಿದ್ದರಿಂದ ಮನಸ್ಸು ಬದಲಾಯಿತೇ ಎಂದು ಕೇಳಿದರೆ, ಇಲ್ಲ. ಆದರೂ ಅಷ್ಟಾದರೂ ಆದದ್ದು, ಅಳೆಯುವವರನ್ನು ‘ಯಾಕೆ ಅಳೆಯುತ್ತೀರಿ’ ಎಂದು ನಾಲ್ಕು ಜನ ಕೇಳಿದ್ದರಿಂದ. ಕನ್ನಡಿ ಮುಂದೆ ನಿಂತು ತಮ್ಮಷ್ಟಕ್ಕೆ ತಾವು ಸಮಾಧಾನ ಹೇಳಿಕೊಂಡಿದ್ದರೆ ಫಿಲ್ಟರ್ ಇವತ್ತೂ ಇರುತ್ತಿತ್ತು.

ಹಾಗಾಗಿ ಈ ಉಪದೇಶವನ್ನು ಸ್ವಲ್ಪ ದಿನ ತಿರುಗಿಸಿ ಹೇಳಿ ನೋಡಬಾರದೇಕೆ? ಒಪ್ಪಿಗೆ ಬೇಡುವವರಿಗೆ ಹೇಳಿದ್ದು ಸಾಕು, ಕೇಳದೆ ತೀರ್ಪು ಕೊಡುವವರಿಗೆ ಹೇಳೋಣ. ಆ ಗುಂಪಿನಲ್ಲಿ ನಾವೆಲ್ಲ ಇದ್ದೇವೆ. ‘ಯಾಕೋ ಇಷ್ಟು ಸಣ್ಣಗಾಗಿದ್ದೀಯ’, ‘ಇನ್ನೂ ಮಕ್ಕಳಾಗಲಿಲ್ವಾ’, ‘ನಿಮ್ಮ ಭಾವನ ಮಗ ಕಾರು ತಗೊಂಡನಂತೆ’ ಎಂದು ನಾವೇ ಪ್ರೀತಿಯಿಂದ ಕೇಳುತ್ತಿರುತ್ತೇವೆ. ಪ್ರೀತಿ ಸುಳ್ಳಲ್ಲ. ಅದನ್ನು ಹೇಳುವ ದಾರಿ ನಮಗೆ ಬೇರೆ ಗೊತ್ತಿಲ್ಲ, ಅಷ್ಟೆ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನೆಂಟರ ಮನೆಗೆ ಹೋಗುವ ಫೋನುಗಳಿಂದ ಶುರು ಮಾಡಬಹುದು. 625ಕ್ಕೆ 480 ಬಂದ ಹುಡುಗ, ಬೆಳಿಗ್ಗೆ ತನ್ನ ಮಟ್ಟಿಗೆ ಖುಷಿಯಾಗಿಯೇ ಇದ್ದವನು, ಚಿಕ್ಕಮ್ಮನಿಗೊಮ್ಮೆ, ಸೋದರಮಾವನಿಗೊಮ್ಮೆ, ಅಪ್ಪನ ಆಫೀಸಿನವರಿಗೊಮ್ಮೆ ಆ ಅಂಕಿಯನ್ನು ಅಮ್ಮ ಹೇಳುವುದನ್ನು ಪಕ್ಕದ ಕೋಣೆಯಿಂದ ಕೇಳಿಸಿಕೊಳ್ಳುತ್ತಾನೆ. ಪ್ರತಿ ಸಲವೂ ಅಮ್ಮನ ದನಿ ಒಂದಿಷ್ಟು ಕೆಳಗಿಳಿಯುತ್ತದೆ, ‘ಗಣಿತದಲ್ಲಿ ಸ್ವಲ್ಪ ಹೋಯ್ತು’ ಎಂಬ ವಿವರಣೆ ಉದ್ದವಾಗುತ್ತದೆ. ಈ ಸಲ ಫಲಿತಾಂಶ ಬಂದ ದಿನ ದಯವಿಟ್ಟು ಆ ಫೋನು ಮಾಡಬೇಡಿ. ಹೇಳಬೇಕೆನಿಸಿದರೆ ಅವನೇ ಫೋನ್ ಮಾಡಿ ಹೇಳುತ್ತಾನೆ.