ಮನೆ ಮಾರಿದ್ದಾರೆ ಅಂದಮಾತ್ರಕ್ಕೆ ಖಾಲಿ ಮಾಡಬೇಡಿ
‘ಮನೆ ಮಾರಾಟವಾಗಿದೆ, ಎರಡು ತಿಂಗಳಲ್ಲಿ ಬಿಡಿ’ ಎಂದು ಏಜೆಂಟ್ ವಾಟ್ಸ್‌ಆ್ಯಪ್ ಮಾಡಿದರೆ ಸಾಕು, ಮಿರ್ದಿಫ್‌ನ ನಮ್ಮವರು ಮರುದಿನವೇ ಬೇರೆ ವಿಲ್ಲಾ ಹುಡುಕತೊಡಗುತ್ತಾರೆ. ಈ ಅವಸರ ದುಬಾರಿ.

ದುಬೈನ 2007ರ 26ನೇ ಕಾನೂನಿನ 28ನೇ ವಿಧಿಯಂತೆ, ಮಾಲೀಕರು ಬದಲಾದರೂ ಅವಧಿ ನಿಗದಿಯಾದ ಬಾಡಿಗೆ ಕರಾರು ಹಾಗೇ ಮುಂದುವರಿಯುತ್ತದೆ. ಅವಧಿ ಮುಗಿದ ಮೇಲೂ ಮಾರಾಟಕ್ಕೋ ಸ್ವಂತ ವಾಸಕ್ಕೋ ಬಿಡಿಸಬೇಕಾದರೆ 12 ತಿಂಗಳ ನೋಟಿಸ್ ಬೇಕು. ಅದೂ ನೋಟರಿ ಮೂಲಕ ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ, ವಾಟ್ಸ್‌ಆ್ಯಪ್ ನಡೆಯದು. (ಬಾಡಿಗೆ ಬಾಕಿ ಇದ್ದರೆ ಕಥೆ ಬೇರೆ. ಅಬುಧಾಬಿಯ ಕಾನೂನೂ ಬೇರೆ.)

ಆ 12 ತಿಂಗಳಿಗೆ ಒಂದು ಬೆಲೆ ಇದೆ. ನಿಮ್ಮ ಬಾಡಿಗೆ ವರ್ಷಕ್ಕೆ 1,10,000 ದಿರ್ಹಮ್, ಅಂಥದೇ ಮನೆಯ ಮಾರುಕಟ್ಟೆ ಬಾಡಿಗೆ 1,50,000 ಎಂದಿಟ್ಟುಕೊಳ್ಳಿ. 2013ರ 43ನೇ ಡಿಕ್ರಿಯ ಪ್ರಕಾರ, ನವೀಕರಣದಲ್ಲಿ ನಿಮಗೆ ಏರಿಸಬಹುದಾದದ್ದು ಹೆಚ್ಚೆಂದರೆ ಶೇ 10, ಅಂದರೆ 1,21,000. ಉಳಿತಾಯ 29,000. ಇದರ ಮೇಲೆ ಏಜೆಂಟ್ ಕಮಿಷನ್, ಸಾಮಾನು ಸಾಗಣೆ, ಹೊಸ ಡೆಪಾಸಿಟ್. ಮಕ್ಕಳ ಸ್ಕೂಲ್ ಬಸ್ಸಿನ ತಾಪತ್ರಯಕ್ಕೆ ನಾನು ಬೆಲೆ ಕಟ್ಟಲಾರೆ.

ಆದ್ದರಿಂದ ‘ಬೇಗ ಬಿಟ್ಟರೆ 10,000 ಕೊಡ್ತೀವಿ’ ಎನ್ನುವವರು ಉದಾರಿಗಳೇನಲ್ಲ. ತಾನೇ ವಾಸಿಸಲು ಕೊಳ್ಳುವವನಿಗೆ ಖಾಲಿ ಮನೆಯೇ ಬೇಕು. ಹಣ ಪಡೆದು ಬಿಡುವುದರಲ್ಲಿ ತಪ್ಪಿಲ್ಲ, ಆದರೆ ಚೌಕಾಸಿ 29,000ದಿಂದ ಮೇಲಕ್ಕೆ ಶುರುವಾಗಲಿ, ಒಪ್ಪಂದ ಬರಹದಲ್ಲಿರಲಿ.

ಬಿಟ್ಟ ಮೇಲೂ ಆ ಮನೆಯ ಮೇಲೆ ಒಂದು ಕಣ್ಣಿಡಿ. ಸ್ವಂತ ವಾಸಕ್ಕೆಂದು ನಿಮ್ಮನ್ನು ಬಿಡಿಸಿದವರು ಎರಡು ವರ್ಷ ಅದನ್ನು ಬೇರೆಯವರಿಗೆ ಬಾಡಿಗೆಗೆ ಕೊಡುವಂತಿಲ್ಲ. ಕೊಟ್ಟರೆ, ಬಾಡಿಗೆ ವ್ಯಾಜ್ಯ ಕೇಂದ್ರದಲ್ಲಿ ನೀವು ಪರಿಹಾರ ಕೇಳಬಹುದು.