ಕಾಕಾನ ಪ್ಲೇಸ್‌ಮೆಂಟ್ ಯಾವಾಗ?

ಪ್ಲೇಸ್‌ಮೆಂಟ್ ಸೀಸನ್ ಶುರುವಾಗಿದೆ. ಹಾಸ್ಟೆಲ್‌ನಲ್ಲಿ ಯಾರ ಬಾಯಲ್ಲಿ ನೋಡಿದರೂ ಆಪ್ಟಿಟ್ಯೂಡ್, ಕೋಡಿಂಗ್ ರೌಂಡ್, ಪ್ಯಾಕೇಜ್. ಹೋದ ರಜೆಯಲ್ಲಿ ಅಥಣಿ ಕಡೆಯ ನಮ್ಮೂರಿಗೆ ಹೋದಾಗ ನಾನೂ ಇದೇ ಪುರಾಣ ಊದುತ್ತ ಕೂತಿದ್ದೆ. ಕಾಕಾ ಎಲ್ಲಾ ಕೇಳಿಸಿಕೊಂಡು ಕೊನೆಗೆ ಅಂದ: “ನಿಮಗ ಕಂಪನಿಯವ್ರು ಕಾಲೇಜಿಗೇ ಬರ್ತಾರ. ನಾ ಒಂದ್ ಅರ್ಜಿ ಕೊಡಾಕ ಬೆಳಗಾವಿಗೆ ಹೋಗಬೇಕ ನೋಡಪಾ.”

ಕಾಕಾನಿಗೆ ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಒಂದು ಕಾಲು ಹೋಯಿತು. ಬಿ.ಎ. ಮುಗಿಸಿದ್ದಾನೆ, ಕಂಪ್ಯೂಟರ್ ಕಲಿತಿದ್ದಾನೆ. ಈಗ ಒಂದು ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲ್ಲೂಕುಗಳಲ್ಲಿ ಕೆಲಸ ಅಂದರೆ ಬಹುಪಾಲು ಮೈಮುರಿಯುವ ಕೆಲಸ: ಕಬ್ಬು ಕಡಿಯುವುದು, ತಂಬಾಕಿನ ಹೊಲ, ಸಕ್ಕರೆ ಕಾರ್ಖಾನೆ. ನಿಂತು ದುಡಿಯಲು ಆಗದವನಿಗೆ ಅಲ್ಲಿ ಯಾರು ಕೂಲಿ ಕೊಡುತ್ತಾರೆ?

ಸವಲತ್ತು ಇಲ್ಲವೇ ಅಂದರೆ, ಇದೆ. ಬಸ್ ಪಾಸನ್ನೇ ತಗೊಳ್ಳಿ. ಸಾರಿಗೆ ಸಂಸ್ಥೆಯ ವಿಕಲಚೇತನರ ರಿಯಾಯಿತಿ ಪಾಸ್ ನಡೆಯುವುದು ಮನೆಯಿಂದ 100 ಕಿ.ಮೀ. ವ್ಯಾಪ್ತಿಯಲ್ಲಿ. ಅಥಣಿಯಿಂದ ಬೆಳಗಾವಿ 100 ಕಿ.ಮೀ.ಗಿಂತ ಜಾಸ್ತಿ. ವಿಕಲಚೇತನರ ಇಲಾಖೆಯ ಜಿಲ್ಲಾ ಕಚೇರಿ, ಉದ್ಯೋಗ ವಿನಿಮಯ ಕೇಂದ್ರ ಎರಡೂ ಇರುವುದು ಬೆಳಗಾವಿಯಲ್ಲೇ. ಅಂದರೆ ಯಾವ ಊರಿಗೆ ಹೋಗಲೇಬೇಕೋ ಆ ಊರಿಗೇ ಪಾಸ್ ಮುಟ್ಟುವುದಿಲ್ಲ! ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಈ ತೊಂದರೆ ತಪ್ಪಿದೆ, ಗಂಡಸರಿಗಿಲ್ಲ. 2024ರ ಜನವರಿಯಲ್ಲಿ ಶುರುವಾದ ಯುವನಿಧಿಯೂ ಹೊಸದಾಗಿ ಪದವಿ, ಡಿಪ್ಲೊಮಾ ಮುಗಿಸಿದವರಿಗೆ, ಅದೂ ಹೆಚ್ಚೆಂದರೆ 2 ವರ್ಷ. ಎಂದೋ ಓದು ಮುಗಿಸಿದ ಕಾಕಾ ಆ ಲೆಕ್ಕದಲ್ಲಿ ಬರುವುದಿಲ್ಲ.

ಹಾಗಾಗಿ ಉಳಿಯುವುದು ಊರಿನ ಪಂಚಾಯಿತಿ, ಪುರಸಭೆ. ಇಲ್ಲೇ ನನ್ನ ತಕರಾರು ಇರುವುದು. ನಮ್ಮ ರಾಜ್ಯದ ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಆದಾಯದಲ್ಲಿ ಶೇ. 5ರಷ್ಟನ್ನು ಅಂಗವಿಕಲರಿಗಾಗಿ ತೆಗೆದಿಡಬೇಕು. ನಗರ ಸಂಸ್ಥೆಗಳಲ್ಲಿ ಪರಿಶಿಷ್ಟರಿಗೆ ಶೇ. 24.10, ಇತರ ಬಡವರಿಗೆ ಶೇ. 7.25 ಬೇರೆ ಇದೆ. ಈ ಹಣ ಹೆಚ್ಚಾಗಿ ಕಣ್ಣಿಗೆ ಬೀಳುವುದು ತ್ರಿಚಕ್ರ ವಾಹನ ವಿತರಣೆಯ ದಿನ. ಶಾಮಿಯಾನ, ಹಾರ, ಫೋಟೋ. ವಾಹನ ಬೇಡ ಅನ್ನುತ್ತಿಲ್ಲ. ಆದರೆ ಆ ವಾಹನ ಹತ್ತಿ ಎಲ್ಲಿಗೆ ಹೋಗಬೇಕು? ಕೆಲಸ ಇದ್ದರೆ ತಾನೇ ಹೋಗುವುದು.

“ನಮ್ಮ ಆದಾಯವೇ ಕಡಿಮೆ, ಏನ್ ಮಾಡೂದ್ರಿ?” ಅಂತ ಪಂಚಾಯಿತಿಯವರು ಕೇಳಬಹುದು. ಅದರಲ್ಲಿ ಸತ್ಯವಿದೆ. 10 ಲಕ್ಷ ಆದಾಯವಿದ್ದರೆ ಶೇ. 5 ಅಂದರೆ 50 ಸಾವಿರ. ಒಂದು ಯಂತ್ರಚಾಲಿತ ವಾಹನಕ್ಕೂ ಸಾಲದು. ಆದರೆ ದುಡ್ಡೇ ಬೇಡದ ಕೆಲಸಗಳೂ ಇವೆ. ಗ್ರಾಮ ಪಂಚಾಯಿತಿಗಳಲ್ಲಿ ಗೌರವಧನದ ಮೇಲೆ ದುಡಿಯುವ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರೂ ವಿಕಲಚೇತನರೇ. ಯಾರ ಮನೆಯಲ್ಲಿ ಯಾರಿದ್ದಾರೆ ಅಂತ ಅವರಿಗೆ ಗೊತ್ತು. ಯಾರು ಏನು ಓದಿದ್ದಾರೆ, ಯಾವ ಕೆಲಸ ಮಾಡಬಲ್ಲರು ಎಂಬ ಪಟ್ಟಿಯನ್ನು ಅವರಿಂದಲೇ ಮಾಡಿಸಿ, ತಿಂಗಳಿಗೊಂದು ದಿನ ತಾಲ್ಲೂಕಿನಲ್ಲೇ ಯುಡಿಐಡಿ ಕಾರ್ಡ್, ಬ್ಯಾಂಕ್ ಸಾಲ, ಉದ್ಯೋಗ ನೋಂದಣಿ ಮೂರನ್ನೂ ಒಂದೇ ಟೇಬಲ್ ಮೇಲೆ ಮುಗಿಸಿದರೆ ಎಷ್ಟು ಜನರ ಒಂದೊಂದು ದಿನದ ಕೂಲಿ ಉಳಿದೀತು! ನಿಪ್ಪಾಣಿ, ಕಾಗವಾಡಗಳನ್ನು ಹೊಸ ತಾಲ್ಲೂಕು ಮಾಡಿದ್ದೇ ಕಚೇರಿ ಜನರ ಹತ್ತಿರ ಬರಲಿ ಅಂತಲ್ಲವೇ?

ಈಗ ನಮ್ಮ ವಿಷಯಕ್ಕೆ ಬರೋಣ. ಕಾಕಾ ಒಮ್ಮೆ ಒಂದು ಕಚೇರಿಗೆ ಹೋದಾಗ ರ‍್ಯಾಂಪ್ ಮೇಲೆ ಊರುಗೋಲು ಜಾರಿ ಬಿದ್ದ. ಆಮೇಲೆ ನನ್ನನ್ನು ಕೇಳಿದ: “ಇದನ್ನ ಕಟ್ಟಿದಾಂವ ನಿಮ್ಮಂಗ ಇಂಜಿನಿಯರೇ ಇರಬೇಕಲ್ಲ?” ನನ್ನ ಹತ್ತಿರ ಉತ್ತರ ಇರಲಿಲ್ಲ. ರ‍್ಯಾಂಪಿನ ಇಳಿಜಾರು 1:12 ಮೀರಬಾರದು. 60 ಸೆಂ.ಮೀ. ಎತ್ತರದ ಕಟ್ಟೆಗೆ 7.2 ಮೀಟರ್ ಉದ್ದ ಬೇಕು. ಅದನ್ನು 2 ಮೀಟರ್‌ನಲ್ಲಿ ಮುಗಿಸಿದರೆ ಸುಮಾರು 5 ಡಿಗ್ರಿ ಇರಬೇಕಾದ ಕೋನ 17 ಡಿಗ್ರಿ ಆಗುತ್ತದೆ. ಅದು ರ‍್ಯಾಂಪ್ ಅಲ್ಲ, ಜಾರುಬಂಡೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, 2017ರ ನಿಯಮಗಳ ಪ್ರಕಾರ ಹಳೆಯ ಸಾರ್ವಜನಿಕ ಕಟ್ಟಡಗಳೆಲ್ಲ 5 ವರ್ಷದೊಳಗೆ, ಅಂದರೆ 2022ರಷ್ಟರಲ್ಲಿ ಎಲ್ಲರೂ ಹೋಗಿಬರುವಂತೆ ಆಗಬೇಕಿತ್ತು. ಇಂತಹ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು.

ಹಾಗಾಗಿ ನನ್ನ ಕೋರಿಕೆ ಇಷ್ಟು. ಈ ಸಲ ಊರಿಗೆ ಹೋಗುವಾಗ ಒಂದು ಅಳತೆ ಟೇಪ್ ಒಯ್ಯಿರಿ. ನಿಮ್ಮ ಪಂಚಾಯಿತಿ, ಪುರಸಭೆ, ತಹಶೀಲ್ದಾರ್ ಕಚೇರಿಯ ರ‍್ಯಾಂಪ್ ಅಳೆದು ಬರೆದುಕೊಳ್ಳಿ. 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, ಶೇ. 5ರ ಹಣ ಕಳೆದ ವರ್ಷ ಎಷ್ಟಿತ್ತು, ಯಾವುದಕ್ಕೆ ಹೋಯಿತು, ಅದರಲ್ಲಿ ಉದ್ಯೋಗಕ್ಕೆ ಎಷ್ಟು ಅಂತ ಕೇಳಿ. 30 ದಿನದಲ್ಲಿ ಉತ್ತರ ಕೊಡಲೇಬೇಕು. ಐದು ತಾಲ್ಲೂಕಿನ ಹುಡುಗ ಹುಡುಗಿಯರು ಈ ಕ್ಯಾಂಪಸ್ಸಿನಲ್ಲೇ ಇದ್ದೀವಿ. ಎಲ್ಲಾ ಸೇರಿಸಿದರೆ ಒಂದು ಒಳ್ಳೆಯ ಮಿನಿ ಪ್ರಾಜೆಕ್ಟ್ ಆಗುತ್ತದೆ. ಇಂಟರ್ನಲ್ಸ್ ಮಾರ್ಕ್ಸ್ ಸಿಗದಿದ್ದರೂ ಪರವಾಗಿಲ್ಲ.

ಅಥಣಿಯ ಅಳತೆ ನಾನು ತರುತ್ತೇನೆ. ಟೇಪಿನ ಇನ್ನೊಂದು ತುದಿ ಹಿಡಿಯುತ್ತೇನೆ ಅಂತ ಕಾಕಾ ಹೇಳಿದ್ದಾನೆ. ಉಳಿದ ನಾಲ್ಕು ತಾಲ್ಲೂಕಿನವರು ಯಾರ‍್ಯಾರು ಬರ್ತೀರಿ?